ಬೋಳು ಟೈರು, ಭಾರದ ಕಾರು ಮತ್ತು ಒಂದು ಜೋರು ಮಳೆ

1992ರ ಅಕ್ಟೋಬರ್. ಆಸ್ಟ್ರೇಲಿಯಾದ ಬಾಥರ್ಸ್ಟ್ ಊರಿನ ಮೌಂಟ್ ಪನೋರಮಾ ಗುಡ್ಡದ ಮೇಲೆ 1000 ಕಿ.ಮೀ.ಗಳ ಟೂರಿಂಗ್ ಕಾರ್ ರೇಸ್ ಕೊನೆಯ ಹಂತದಲ್ಲಿತ್ತು. ಜಿಮ್ ರಿಚರ್ಡ್ಸ್ ಓಡಿಸುತ್ತಿದ್ದ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಎಲ್ಲರಿಗಿಂತ ಮುಂದಿತ್ತು. ಆಗ ಹೊಯ್ಯಿತು ನೋಡಿ ಮಳೆ. ಕಾರಿನಲ್ಲಿದ್ದದ್ದು ಒಣ ರಸ್ತೆಗೆಂದೇ ಮಾಡಿದ, ಗೆರೆಗಳಿಲ್ಲದ ಬೋಳು ಟೈರು. ಗುಡ್ಡ ಇಳಿಯುವ ತಿರುವಿನಲ್ಲಿ ಒಂದರ ಹಿಂದೆ ಒಂದು ಕಾರು ಜಾರಿ ಗುದ್ದಿಕೊಂಡು ಬಿದ್ದಿದ್ದವು. ರಿಚರ್ಡ್ಸ್ ಕಾರೂ ಜಾರಿಕೊಂಡು ಬಂದು ಅದೇ ರಾಶಿಗೆ ಸೇರಿತು. ರೇಸ್ ನಿಲ್ಲಿಸಿ ಕೆಂಪು ಬಾವುಟ ಎತ್ತಿದರು. ನಿಯಮದ ಪ್ರಕಾರ ಹಿಂದಕ್ಕೆ ಹೋಗಿ 143ನೇ ಸುತ್ತಿನ ಲೆಕ್ಕ ಹಿಡಿದು ಫಲಿತಾಂಶ ಘೋಷಿಸಿದರು. ಆ ಲೆಕ್ಕದಲ್ಲಿ ಗೆದ್ದದ್ದು, ಅಲ್ಲಿ ಜಜ್ಜಿಹೋಗಿ ನಿಂತಿದ್ದ ಅದೇ ನಿಸ್ಸಾನ್! ಜನ ಕೂಗಿ ಅಣಕಿಸಿದರು. ರಿಚರ್ಡ್ಸ್ ವೇದಿಕೆಯಿಂದಲೇ ಅವರಿಗೆ ಚೆನ್ನಾಗಿ ಬೈದರು.

ಈ ಕಥೆಯಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಆ ಕಾರಿನ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುತ್ತಿತ್ತು. ಆ ಕಾಲದ ಟೂರಿಂಗ್ ಕಾರುಗಳಲ್ಲಿ ಅದಕ್ಕೆ ಸರಿಸಾಟಿ ಕಮ್ಮಿ. ಅಷ್ಟೆಲ್ಲ ಇದ್ದೂ ಅದನ್ನು ರಸ್ತೆಯ ಮೇಲೆ ಹಿಡಿದಿಡಲು ಆಗಲಿಲ್ಲ. ರೇಸ್ ಎಂದ ಕೂಡಲೇ ನಾವು ಎಂಜಿನ್ ಬಗ್ಗೆ ಮಾತಾಡುತ್ತೇವೆ, ಎಷ್ಟು ಹಾರ್ಸ್‌ಪವರ್ ಎಂದು ಕೇಳುತ್ತೇವೆ. ನನ್ನ ಕೇಳಿದರೆ ಟೂರಿಂಗ್ ಕಾರ್ ರೇಸ್ ಮುಕ್ಕಾಲು ಪಾಲು ರಬ್ಬರಿನ ಆಟ. ಆ ರಬ್ಬರೋ, ಶಾಲೆಯಲ್ಲಿ ಕಲಿಸಿದ ಘರ್ಷಣೆಯ ನಿಯಮಕ್ಕೆ ಪೂರ್ತಿ ಬಗ್ಗುವ ಜಾತಿಯದ್ದಲ್ಲ.

ಟೂರಿಂಗ್ ಕಾರ್ ಅಂದರೆ ಎಂತ ಎಂದು ಎರಡೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಫಾರ್ಮುಲಾ ಒನ್ ಕಾರನ್ನು ಮಂಗಳೂರಿನ ಹಂಪನಕಟ್ಟೆಯ ಸಿಗ್ನಲ್ಲಿನಲ್ಲಿ ಯಾರೂ ನೋಡಿರಲಿಕ್ಕಿಲ್ಲ. ಟೂರಿಂಗ್ ಕಾರಿನ ಹೊರಗಿನ ರೂಪ ಮಾತ್ರ ನಾವು ದಿನಾ ನೋಡುವ ಕಾರಿನದ್ದೇ. ಒಳಗೆ ಸೀಟು, ಎಸಿ ಎಲ್ಲ ಕಿತ್ತು ಉಕ್ಕಿನ ಪೈಪುಗಳ ಪಂಜರ ಕೂರಿಸಿರುತ್ತಾರೆ. ಬ್ರಿಟನ್ನಿನ ಚಾಂಪಿಯನ್‌ಷಿಪ್ 1958ರಲ್ಲಿ ಶುರುವಾದದ್ದು. ನಮ್ಮ ದೇಶದಲ್ಲಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ಇಂಡಿಯನ್ ಟೂರಿಂಗ್ ಕಾರ್ ವಿಭಾಗದ ರೇಸ್ ನಡೆಯುತ್ತದೆ. ಅಲ್ಲಿ ಓಡುವುದು ಹೋಂಡಾ ಸಿಟಿ, ಪೋಲೋದಂಥ ಕಾರುಗಳು. ನಮ್ಮ ಕಾರೇ ಓಡುತ್ತಿದೆ ಎಂದು ಜನಕ್ಕೆ ಅನಿಸಬೇಕು, ಅದೇ ಈ ರೇಸಿನ ಗುಟ್ಟು.

ಈಗ ರಬ್ಬರಿನ ವಿಷಯ. 1200 ಕೆ.ಜಿ. ಕಾರು ಎಂದುಕೊಳ್ಳಿ. ಒಂದೊಂದು ಚಕ್ರದ ಮೇಲೆ 300 ಕೆ.ಜಿ. ಟೈರಿನಲ್ಲಿ 32 ಪಿಎಸ್ಐ ಗಾಳಿ. ಭಾರವನ್ನು ಒತ್ತಡದಿಂದ ಭಾಗಿಸಿದರೆ ಟೈರು ನೆಲವನ್ನು ಮುಟ್ಟುವ ಜಾಗ ಸಿಗುತ್ತದೆ: ಸುಮಾರು 130 ಚದರ ಸೆಂಟಿಮೀಟರ್. ಹೆಚ್ಚೂಕಮ್ಮಿ ಒಂದು ಅಂಗೈಯಷ್ಟು. ಇಂಥ ನಾಲ್ಕು ಅಂಗೈ ಜಾಗದಲ್ಲೇ ವೇಗ ಹೆಚ್ಚಿಸುವುದು, ಬ್ರೇಕ್ ಹಾಕುವುದು, ತಿರುಗುವುದು ಎಲ್ಲ ನಡೆಯಬೇಕು. ಒಣ ರಸ್ತೆಯಲ್ಲಿ ಗೆರೆಗಳಿರುವ ಟೈರಿಗಿಂತ ಬೋಳು ಟೈರೇ ಮೇಲು. ಗೆರೆ ಇಲ್ಲದಿದ್ದರೆ ಅಷ್ಟೂ ಜಾಗದಲ್ಲಿ ರಬ್ಬರ್ ನೆಲಕ್ಕೆ ತಾಗುತ್ತದೆ. ರೇಸಿನ ಬೋಳು ಟೈರಿನ ರಬ್ಬರ್ ತುಂಬ ಮೆದು. ಬಿಸಿಯಾದಾಗ ಅಂಟಂಟಾಗಿ ಡಾಂಬರಿನ ಸಣ್ಣ ಸಣ್ಣ ತಗ್ಗಿನೊಳಗೆ ಇಳಿದು ಕೂರುತ್ತದೆ. ನಮ್ಮ ಕಾರಿನ ಟೈರು ಸವೆದು ಬೋಳಾದದ್ದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ, ತಪ್ಪು ತಿಳಿಯಬೇಡಿ.

ಪಕ್ಕದ ಮನೆಯ ಪಿಯುಸಿ ಹುಡುಗ ಒಮ್ಮೆ ನನ್ನನ್ನು ಚೆನ್ನಾಗಿಯೇ ಸಿಕ್ಕಿಸಿಹಾಕಿದ. ಟೂರಿಂಗ್ ಕಾರ್ ರೇಸುಗಳಲ್ಲಿ ಗೆದ್ದವರಿಗೆ ಒಂದು ವಿಚಿತ್ರ ಬಹುಮಾನ ಉಂಟು. ಮುಂದಿನ ರೇಸಿಗೆ ಅವರ ಕಾರಿನಲ್ಲಿ ಸೀಸದಂಥ ಭಾರದ ತುಂಡುಗಳನ್ನು ಕೂರಿಸುತ್ತಾರೆ. ಬ್ರಿಟನ್ನಿನ ಚಾಂಪಿಯನ್‌ಷಿಪ್ಪಿನಲ್ಲಿ ಕೆಲವು ವರ್ಷ ಇದು 75 ಕೆ.ಜಿ.ಯವರೆಗೂ ಇತ್ತು. ಒಬ್ಬನೇ ಗೆಲ್ಲುತ್ತಾ ಹೋದರೆ ನೋಡುವವರಿಗೆ ಬೇಜಾರು ಅಲ್ವಾ, ಅದಕ್ಕೆ. ನಾನು ಇದನ್ನು ಹೇಳುತ್ತಿದ್ದಂತೆ ಅವನು ಪೇಪರಿನ ಅಂಚಿನಲ್ಲೇ ಲೆಕ್ಕ ಗೀಚಿದ.

"ಅಂಕಲ್, ತಿರುವಿನಲ್ಲಿ ಬೇಕಾಗುವ ಬಲ ಎಮ್ ವಿ ಸ್ಕ್ವೇರ್ ಬೈ ಆರ್. ಘರ್ಷಣೆ ಮ್ಯೂ ಎಮ್ ಜಿ. ಎರಡೂ ಕಡೆ ಭಾರದ ಎಮ್ ಕ್ಯಾನ್ಸಲ್ ಆಗ್ತದಲ್ಲ? ಭಾರ ಜಾಸ್ತಿಯಾದರೆ ಹಿಡಿತವೂ ಜಾಸ್ತಿ. ಮತ್ತೆ ತಿರುವಿನಲ್ಲಿ ಸ್ಪೀಡು ಕಮ್ಮಿ ಆಗುವುದು ಹೇಗೆ?"

ಪರೀಕ್ಷೆಯಲ್ಲಾದರೆ ಪೂರ್ತಿ ಮಾರ್ಕು. ಪಿಕಪ್ಪಿನಲ್ಲಿ, ಬ್ರೇಕಿನಲ್ಲಿ ಭಾರದ ಕಾರು ಸೋಲುತ್ತದೆ, ಅದು ಸರಿ. ಆದರೆ ಅದೇ ಕಾರು ತಿರುವಿನಲ್ಲೂ ನಿಧಾನವಾಗುತ್ತದೆ. ಕಾರಣ ಆ ಮ್ಯೂ, ಅಂದರೆ ಭಾರಕ್ಕೆ ಎಷ್ಟು ಪಾಲು ಹಿಡಿತ ಸಿಗುತ್ತದೆ ಎಂದು ಹೇಳುವ ಸಂಖ್ಯೆ. ಪಠ್ಯಪುಸ್ತಕದಲ್ಲಿ ಅದು ಬದಲಾಗದ ಸಂಖ್ಯೆ. ಮರದ ದಿಮ್ಮಿ, ಕಬ್ಬಿಣದ ತುಂಡಿಗೆ ಸುಮಾರಾಗಿ ಹಾಗೆಯೇ. ರಬ್ಬರಿಗೆ ಹಾಗಲ್ಲ. ಭಾರ ಹೆಚ್ಚಿದಷ್ಟೂ ಅದರ ಮ್ಯೂ ಕಮ್ಮಿಯಾಗುತ್ತಾ ಹೋಗುತ್ತದೆ. ಡಾಂಬರಿನ ಮೇಲೆ ರಬ್ಬರ್ ನಿಜವಾಗಿ ತಾಗುವುದು ಜಲ್ಲಿಯ ತುದಿಗಳಿಗೆ ಮಾತ್ರ. ಮೊದಲು ಭಾರ ಹಾಕಿದಾಗ ಅದು ತಗ್ಗುಗಳಿಗೆ ಸಲೀಸಾಗಿ ಇಳಿಯುತ್ತದೆ. ಒಮ್ಮೆ ಇಳಿದು ತುಂಬಿಕೊಂಡ ಮೇಲೆ ಎಷ್ಟು ಒತ್ತಿದರೂ ತಾಗುವ ಜಾಗ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಹಿಡಿತ ಹೆಚ್ಚುತ್ತದೆ ನಿಜ, ಭಾರ ಹೆಚ್ಚಿದಷ್ಟು ಹೆಚ್ಚುವುದಿಲ್ಲ.

ಅವನಿಗೆ ಹೇಳಿದ ಲೆಕ್ಕವನ್ನೇ ಇಲ್ಲೂ ಹಾಕುತ್ತೇನೆ. ಸಂಖ್ಯೆಗಳು ಉದಾಹರಣೆಗೆ ಮಾತ್ರ. ನೇರ ರಸ್ತೆಯಲ್ಲಿ ಎಡ ಬಲ ಎರಡೂ ಟೈರಿನ ಮೇಲೆ ತಲಾ 300 ಕೆ.ಜಿ., ಮ್ಯೂ 1.2. ಒಟ್ಟು ಹಿಡಿತ 720 ಕೆ.ಜಿ.ಯಷ್ಟು. ಕಾರು ಎಡಕ್ಕೆ ತಿರುಗಿತು. ಭಾರ ಬಲಕ್ಕೆ ವಾಲಿತು. ಬಲ ಟೈರಿಗೆ 500, ಎಡಕ್ಕೆ 100. ಭಾರ ಹೆಚ್ಚಾದ ಬಲ ಟೈರಿನ ಮ್ಯೂ 1.1ಕ್ಕೆ ಇಳಿಯಿತು, ಎಡದ್ದು 1.3ಕ್ಕೆ ಏರಿತು. ಈಗ ಒಟ್ಟು ಹಿಡಿತ 550 ಮತ್ತು 130, ಅಂದರೆ 680. ಎಲ್ಲಿಗೆ ಹೋಯಿತು ಆ 40? ಎಲ್ಲಿಗೂ ಹೋಗಲಿಲ್ಲ. ಒಂದು ಟೈರಿಗೆ ಅತಿ ಕೆಲಸ, ಇನ್ನೊಂದಕ್ಕೆ ಕೆಲಸವೇ ಇಲ್ಲ ಎಂದಾದರೆ ರಬ್ಬರ್ ಕೊಡುವುದು ಅಷ್ಟೇ. ರೇಸ್ ಕಾರನ್ನು ನೆಲಕ್ಕೆ ತಗ್ಗಿಸುವುದು, ಭಾರವನ್ನೆಲ್ಲ ಕೆಳಗೆ ಕೂರಿಸುವುದು ಈ ಕಾರಣಕ್ಕೆ. ಹುಡುಗ ಸ್ವಲ್ಪ ಹೊತ್ತು ಪೇಪರ್ ನೋಡಿ, "ಹಾಗಾದರೆ ಪುಸ್ತಕದಲ್ಲಿ ಯಾಕೆ ಬರೆಯಲಿಲ್ಲ?" ಎಂದ. ಅದು ಬೇರೆಯೇ ಲೇಖನಕ್ಕೆ ವಿಷಯ.

ಬ್ರಿಟನ್ನಿನವರು 2022ರಲ್ಲಿ ಕಾರುಗಳಿಗೆ ಹೈಬ್ರಿಡ್ ಮೋಟರ್ ತಂದಾಗ ಈ ಭಾರದ ಪದ್ಧತಿ ಬಿಟ್ಟರು. ಮುಂದಿರುವವರು ಕರೆಂಟಿನ ಹೆಚ್ಚುವರಿ ಶಕ್ತಿ ಬಳಸುವುದಕ್ಕೆ ಮಿತಿ ಹಾಕಿದರು. ನನಗೆ ಹಳೆಯದೇ ಚೆಂದ ಅನಿಸುತ್ತದೆ. ಗೆದ್ದವನ ಕಾರಿಗೆ ಭಾರ ಹೇರುವುದರಲ್ಲಿ ಒಂದು ನೇರತನ ಇತ್ತು.

ಇನ್ನು ಮಳೆ. ಮಂಗಳೂರಿನಲ್ಲಿ ಕೂತು ಇದನ್ನು ಬರೆಯದೆ ಬಿಡಲು ಸಾಧ್ಯವೇ? ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಹೊಯ್ಯುವ ಊರು ನಮ್ಮದು.

ರಬ್ಬರ್ ರಸ್ತೆಯನ್ನು ಎರಡು ಬಗೆಯಲ್ಲಿ ಹಿಡಿಯುತ್ತದೆ. ಒಂದು, ಅಂಟಿಕೊಳ್ಳುವುದು. ಇನ್ನೊಂದು, ಜಲ್ಲಿಯ ಉಬ್ಬುತಗ್ಗಿನ ಮೇಲೆ ಅಮುಕಿಸಿಕೊಂಡು ನಿಧಾನಕ್ಕೆ ಹಿಂದಿನ ಆಕಾರಕ್ಕೆ ಬರುವುದು. ಹಾಗೆ ಬರುವಾಗ ಒಂದಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ, ಅದೇ ತಡೆಯಾಗಿ ಕೆಲಸ ಮಾಡುತ್ತದೆ. ನೀರಿನ ಒಂದು ಪೊರೆ ನಡುವೆ ಬಂದರೂ ಸಾಕು, ಮೊದಲನೆಯದು ಬಹುಪಾಲು ಕೈಕೊಡುತ್ತದೆ. ಎರಡನೆಯದು ಉಳಿಯುತ್ತದೆ. ಮಳೆ ಟೈರಿನ ರಬ್ಬರನ್ನು ಇನ್ನಷ್ಟು ಮೆದು ಮಾಡುವುದು ಇದಕ್ಕೇ. ತಣ್ಣಗಿನ ರಸ್ತೆಯಲ್ಲೂ ಅದು ಚೆನ್ನಾಗಿ ಅಮುಕಿಕೊಳ್ಳಬೇಕು.

ನೀರು ಪೊರೆಯಷ್ಟೇ ಅಲ್ಲ, ಮೂರು ಮಿಲಿಮೀಟರ್ ನಿಂತಿದೆ ಎಂದುಕೊಳ್ಳಿ. ಪಡುಬಿದ್ರಿ ಕಡೆ ಹೆದ್ದಾರಿಯಲ್ಲಿ ಜೋರು ಮಳೆಗೆ ಅದೇನು ದೊಡ್ಡ ವಿಷಯವಲ್ಲ. 20 ಸೆಂ.ಮೀ. ಅಗಲದ ಟೈರು ಗಂಟೆಗೆ 90 ಕಿ.ಮೀ. ವೇಗದಲ್ಲಿ ಹೋದರೆ ಸೆಕೆಂಡಿಗೆ 15 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳಬೇಕು. ಒಂದೇ ಟೈರು! ಟೈರಿನ ಗೆರೆಗಳು ಇರುವುದು ಈ ನೀರಿಗೆ ದಾರಿ ಕೊಡಲು. ದಾರಿ ಸಾಲದಿದ್ದರೆ ನೀರು ಟೈರಿನ ಮುಂದೆ ಗುಡ್ಡೆಯಾಗಿ, ಅದರ ಒತ್ತಡ ಟೈರನ್ನು ರಸ್ತೆಯಿಂದ ಮೇಲೆತ್ತುತ್ತದೆ. ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರವಾಗುತ್ತದೆ. ಬ್ರೇಕ್ ತುಳಿದರೂ ಪ್ರಯೋಜನವಿಲ್ಲ, ಚಕ್ರಕ್ಕೆ ನೆಲವೇ ಸಿಗುವುದಿಲ್ಲ. ಇದೇ ಹೈಡ್ರೋಪ್ಲೇನಿಂಗ್.

ಇದರ ಲೆಕ್ಕ ಬಂದದ್ದು ವಿಮಾನಗಳಿಂದ. ಒದ್ದೆ ರನ್‌ವೇಯಲ್ಲಿ ವಿಮಾನಗಳು ಜಾರುವುದನ್ನು ನಾಸಾದ ವಾಲ್ಟರ್ ಹೋರ್ನ್ ಅಧ್ಯಯನ ಮಾಡಿ, 1963ರಲ್ಲಿ ಸಹೋದ್ಯೋಗಿಯ ಜೊತೆ ವರದಿ ಪ್ರಕಟಿಸಿದರು. ಅವರ ಸೂತ್ರ ತೀರಾ ಸರಳ. ಟೈರು ನೀರಿನ ಮೇಲೆ ತೇಲಲು ಶುರುವಾಗುವ ವೇಗ, ಟೈರಿನ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಕಿಲೋಮೀಟರಿಗೆ ತಂದರೆ, ಪಿಎಸ್ಐಯ ವರ್ಗಮೂಲವನ್ನು ಸುಮಾರು 16.7ರಿಂದ ಗುಣಿಸಬೇಕು. 32 ಪಿಎಸ್ಐ ಇದ್ದರೆ ಗಂಟೆಗೆ 94 ಕಿ.ಮೀ. ಗಾಳಿ 20ಕ್ಕೆ ಇಳಿದಿದ್ದರೆ 75ಕ್ಕೇ ಟೈರು ತೇಲಲು ಶುರು. ಗೆರೆಗಳು ತೀರಾ ಸವೆದಿದ್ದಾಗ, ಅಥವಾ ನೀರು ಗೆರೆಗಳ ಆಳವನ್ನೂ ಮೀರಿದಾಗಿನ ಲೆಕ್ಕ ಇದು. ಹೊಸ ಟೈರಿಗೆ ಸ್ವಲ್ಪ ಉಸಿರಾಡಲು ಜಾಗ ಉಂಟು.

ಮಳೆಗಾಲದಲ್ಲಿ ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಗ್ರಿಪ್ ಬರುತ್ತದೆ ಎಂದು ನಂಬಿದವರು ನಮ್ಮಲ್ಲಿ ತುಂಬ ಮಂದಿ ಇದ್ದಾರೆ. ಕೆಸರು ಗದ್ದೆಗೆ, ಮರಳಿಗೆ ಸರಿ. ನೀರು ನಿಂತ ಹೆದ್ದಾರಿಗೆ ಇದು ಪೂರಾ ಉಲ್ಟಾ. ರೇಸ್ ತಂಡಗಳು ಜೋರು ಮಳೆಗೆ ಒತ್ತಡವನ್ನು ಏರಿಸುವುದೇ ಸಾಮಾನ್ಯ.

ಮಳೆ ಬಂತೆಂದರೆ ಅವರು ಕಾರನ್ನು ಇನ್ನೂ ಹಲವು ಬಗೆಯಲ್ಲಿ ಬದಲಿಸುತ್ತಾರೆ. ನೆಲದಿಂದ ಸ್ವಲ್ಪ ಮೇಲೆತ್ತುತ್ತಾರೆ, ಸಸ್ಪೆನ್ಷನ್ ಮೆದು ಮಾಡುತ್ತಾರೆ, ಬ್ರೇಕಿನ ಪಾಲನ್ನು ಹಿಂದಿನ ಚಕ್ರಕ್ಕೆ ಒಂದಿಷ್ಟು ಹೆಚ್ಚಿಸುತ್ತಾರೆ. ನನಗೆ ಇದಕ್ಕಿಂತ ಸ್ವಾರಸ್ಯ ಅನಿಸುವುದು ಚಾಲಕರು ಹಿಡಿಯುವ ದಾರಿ. ಒಣಗಿದ್ದಾಗ ಎಲ್ಲರೂ ಓಡಿ ಓಡಿ ತಿರುವಿನಲ್ಲಿ ಕಪ್ಪು ರಬ್ಬರ್ ಮೆತ್ತಿಕೊಂಡ ಒಂದು ದಾರಿ ಆಗಿರುತ್ತದೆ. ಅಲ್ಲೇ ಹಿಡಿತ ಜಾಸ್ತಿ. ಮಳೆ ಬಿದ್ದರೆ ಅದೇ ದಾರಿ ಎಲ್ಲಕ್ಕಿಂತ ಹೆಚ್ಚು ಜಾರುತ್ತದೆ. ನುಣುಪಾದ ರಬ್ಬರಿನ ಮೇಲೆ ನೀರು, ಜಲ್ಲಿಯ ತುದಿಗಳೂ ಮುಚ್ಚಿಹೋಗಿರುತ್ತವೆ. ಹಾಗಾಗಿ ಅನುಭವಿಗಳು ಯಾರೂ ಓಡದ ಹೊರ ಅಂಚಿನಲ್ಲಿ, ಒರಟು ಡಾಂಬರ್ ಹುಡುಕಿಕೊಂಡು ಹೋಗುತ್ತಾರೆ. ಮಳೆ ನಿಂತು ರಸ್ತೆ ಒಣಗತೊಡಗಿದರೆ ಮಳೆ ಟೈರು ಬಿಸಿಯಾಗಿ ಕಿತ್ತುಹೋಗಲು ಶುರುವಾಗುತ್ತದೆ. ಆಗ ನೇರ ರಸ್ತೆಯಲ್ಲಿ ಬೇಕೆಂದೇ ನೀರಿರುವ ಕಡೆ ಕಾರನ್ನು ನುಗ್ಗಿಸಿ ಟೈರು ತಣ್ಣಗೆ ಮಾಡಿಕೊಳ್ಳುತ್ತಾರೆ. ನೋಡುವವರಿಗೆ ಇವನಿಗೆ ತಲೆ ಕೆಟ್ಟಿತಾ ಎನಿಸಬೇಕು.

ಜೂನ್ ಮೊದಲ ಮಳೆಗೆ ನಂತೂರಿನಲ್ಲಿ, ಪಂಪ್‌ವೆಲ್ಲಿನಲ್ಲಿ ಸ್ಕೂಟರುಗಳು ಜಾರುವುದೂ ಹೆಚ್ಚೂಕಮ್ಮಿ ಇದೇ ಕಥೆ. ಬೇಸಿಗೆಯಿಡೀ ಸೋರಿದ ಆಯಿಲು, ಧೂಳು, ಸವೆದ ರಬ್ಬರಿನ ಪುಡಿ ರಸ್ತೆಯ ಮೇಲೆ ಕೂತಿರುತ್ತದೆ. ನಾಲ್ಕು ಹನಿ ಬಿದ್ದರೆ ಎಲ್ಲ ಕಲಸಿ ಲೋಳೆಯಾಗುತ್ತದೆ. ಸರಿಯಾಗಿ ಒಂದು ಮಳೆ ಹೊಡೆದು ತೊಳೆದುಕೊಂಡು ಹೋದ ಮೇಲೆ ಅದೇ ರಸ್ತೆ ಎಷ್ಟೋ ವಾಸಿ.

ಬ್ರಿಟನ್ನಿನ ಟೂರಿಂಗ್ ಕಾರ್ ರೇಸ್ ನೋಡುವಾಗ ಮೋಡ ಕವಿದಿದ್ದರೆ ನಾನು ಸಾಲಿನ ಕೊನೆಯ ಕಾರುಗಳನ್ನೇ ನೋಡುತ್ತೇನೆ. ಅಲ್ಲಿ ಒಂದೇ ದಿನ ಮೂರು ಚಿಕ್ಕ ರೇಸ್. ಮಧ್ಯೆ ಟೈರು ಬದಲಿಸಲು ನಿಂತರೆ ಅಲ್ಲಿಗೆ ಕಥೆ ಮುಗಿದ ಹಾಗೆಯೇ. ಬೋಳು ಟೈರೋ ಮಳೆ ಟೈರೋ ಎಂದು ಹೊರಡುವ ಮೊದಲೇ ತೀರ್ಮಾನ ಆಗಬೇಕು. ಮುಂದಿನ ಸಾಲಿನವನು ಎಲ್ಲರೂ ಹಾಕಿದ್ದನ್ನೇ ಹಾಕುತ್ತಾನೆ, ತಪ್ಪಿದರೆ ಅವನಿಗೆ ನಷ್ಟ ಜಾಸ್ತಿ. ಹಿಂದಿನ ಸಾಲಿನವನಿಗೆ ಕಳೆದುಕೊಳ್ಳಲು ಏನೂ ಇಲ್ಲ. ನೆಲ ಒದ್ದೆ ಇದ್ದರೂ ಧೈರ್ಯ ಮಾಡಿ ಬೋಳು ಟೈರು ಹಾಕುತ್ತಾನೆ. ಮೊದಲ ಸುತ್ತುಗಳಲ್ಲಿ ಕಾರು ಎಲ್ಲೆಲ್ಲೋ ಹೋಗುತ್ತದೆ. ಆದರೆ ಅಷ್ಟೂ ಕಾರುಗಳ ಚಕ್ರಗಳು ನೀರನ್ನು ಎರಚಿ ಎರಚಿ ಒಂದು ಒಣ ದಾರಿ ಮಾಡಿಕೊಟ್ಟರೆ, ಕೊನೆಯ ಸುತ್ತುಗಳಲ್ಲಿ ಇವನು ಒಬ್ಬೊಬ್ಬರನ್ನೇ ದಾಟುವುದು ನೋಡಬೇಕು.

ನಮ್ಮ ಕಾರಿಗೂ ಇಂಥದೊಂದು ತೀರ್ಮಾನ ಬರುತ್ತದೆ, ಟೈರಿನ ಅಂಗಡಿಯಲ್ಲಿ. ಕಾನೂನಿನ ಪ್ರಕಾರ ಗೆರೆಯ ಆಳ 1.6 ಮಿ.ಮೀ.ಗೆ ಇಳಿದರೆ ಟೈರು ಮುಗಿದಂತೆ. ಗೆರೆಯೊಳಗೇ ಅಲ್ಲಲ್ಲಿ ಸಣ್ಣ ದಿಬ್ಬ ಇರುತ್ತದೆ, ಉಗುರಿನಿಂದ ಮುಟ್ಟಿ ನೋಡಬಹುದು. ರಬ್ಬರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂತೆಂದರೆ 1.6 ಆಯಿತು. ಎರಡೇ ಹೊಸ ಟೈರು ಕೊಂಡರೆ ಎಲ್ಲಿ ಹಾಕಬೇಕು? ಸುರತ್ಕಲ್ ಹತ್ತಿರದ ಅಂಗಡಿಯಲ್ಲಿ ನಾನು ಹಿಂದೆ ಹಾಕಿ ಎಂದೆ. ಮುಂದಿನ ಟೈರು ತೇಲಿದರೆ ಕಾರು ನೇರಕ್ಕೆ ಹೋಗುತ್ತದೆ, ಕಾಲು ತೆಗೆದರೆ ಮತ್ತೆ ಹತೋಟಿಗೆ ಬರುತ್ತದೆ. ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗುತ್ತದೆ, ಅದನ್ನು ಸರಿ ಮಾಡಲು ರೇಸ್ ಓಡಿಸುವವರಿಗೇ ಕಷ್ಟ. ಟೈರು ಕಂಪನಿಗಳೂ ಹೊಸದನ್ನು ಹಿಂದೆ ಹಾಕಿ ಎಂದೇ ಹೇಳುತ್ತವೆ. ಅಂಗಡಿಯವರು ಎಲ್ಲ ಕೇಳಿ ನಕ್ಕರು. "ನೀವು ಹೇಳುವುದು ಸರಿ ಮಾರಾಯ್ರೆ. ಆದರೆ ಹಿಂದೆ ಹಾಕಿ ಕೊಟ್ಟರೆ ಗಿರಾಕಿ ಜಗಳಕ್ಕೆ ಬರ್ತಾರೆ."

ಅದೇ ಹೊತ್ತಿಗೆ ಪಕ್ಕದಲ್ಲಿ ಒಬ್ಬ ಹುಡುಗ ತನ್ನ ಸಣ್ಣ ಕಾರಿಗೆ ದೊಡ್ಡ ಅಲಾಯ್ ಚಕ್ರ, ಅಗಲದ ಟೈರು ಹಾಕಿಸುತ್ತಿದ್ದ. ನೋಡಲು ಟೂರಿಂಗ್ ಕಾರಿನ ಗತ್ತೇ ಬಂದಿತ್ತು. ಆದರೆ ಗಾಳಿಯ ಒತ್ತಡ ಅಷ್ಟೇ ಇದ್ದರೆ ಟೈರು ಎಷ್ಟು ಅಗಲ ಮಾಡಿದರೂ ನೆಲ ಮುಟ್ಟುವ ಜಾಗ ಸುಮಾರಾಗಿ ಅಷ್ಟೇ ಇರುತ್ತದೆ. ಆಕಾರ ಮಾತ್ರ ಬದಲಾಗಿ ಅಡ್ಡಕ್ಕೆ ಅಗಲ, ಉದ್ದಕ್ಕೆ ಗಿಡ್ಡ ಆಗುತ್ತದೆ. ಇಂಥ ಆಕಾರದ ಟೈರು ಬೇಗ ತೇಲುತ್ತದೆ ಎಂದು ಹೋರ್ನ್ ಅವರೇ 1984ರಲ್ಲಿ ಲಾರಿಗಳನ್ನು ಇಟ್ಟುಕೊಂಡು ತೋರಿಸಿದರು. ತುಂಬಿದ ಲಾರಿಗಿಂತ ಖಾಲಿ ಲಾರಿ ಮಳೆಯಲ್ಲಿ ಬೇಗ ಹತೋಟಿ ತಪ್ಪುವುದಕ್ಕೆ ಕಾರಣವೂ ಅದೇ, ಭಾರ ಇಲ್ಲದೆ ಟೈರು ನೆಲ ಮುಟ್ಟುವ ಉದ್ದ ಕಮ್ಮಿಯಾಗಿರುತ್ತದೆ. ಆ ಹುಡುಗನ ಹಳೆಯ ಟೈರು 165 ಮಿ.ಮೀ. ಅಗಲ, ಹೊಸದು 205. ಮೂರು ಮಿಲಿಮೀಟರ್ ನೀರಿನಲ್ಲಿ 90ರ ವೇಗಕ್ಕೆ ಹಳೆಯದು ಸೆಕೆಂಡಿಗೆ 12 ಲೀಟರ್ ಚಿಲ್ಲರೆ ನೀರು ತಳ್ಳಬೇಕಿತ್ತು, ಹೊಸದು 15 ಲೀಟರಿಗೂ ಜಾಸ್ತಿ ತಳ್ಳಬೇಕು. ಡಿಸೆಂಬರಿನಲ್ಲಿ ಅವನಿಗೆ ಇದರಿಂದ ತೊಂದರೆಯೇನೂ ಇಲ್ಲ. ಹಾಕಿಸುತ್ತಿದ್ದದ್ದು ಮಾತ್ರ ಜುಲೈಯಲ್ಲಿ.