ಸ್ಕಿಯಾಪರೆಲ್ಲಿಯ ಸೆನ್ಸರ್ ಕೆಟ್ಟಿರಲಿಲ್ಲ

ಮಂಗಳನ ಮೇಲೆ ಸ್ಕಿಯಾಪರೆಲ್ಲಿ ನೌಕೆ ಅಪ್ಪಳಿಸಿದ್ದು ಸೆನ್ಸರ್ ಕೈಕೊಟ್ಟಿದ್ದರಿಂದ ಅನ್ನುವ ಮಾತು ಇನ್ನೂ ನಿಂತಿಲ್ಲ. ಪ್ಯಾರಾಚೂಟ್ ಹರಿಯಿತು ಅನ್ನುವವರೂ ಇದ್ದಾರೆ. ಎರಡೂ ತಪ್ಪು. ಎಂಜಿನಿಯರಿಂಗ್ ಓದಿದವರೇ ಹೀಗೆ ಹೇಳಿದಾಗ ಸುಮ್ಮನಿರುವುದು ಕಷ್ಟ.

2016ರ ಅಕ್ಟೋಬರ್ 19ರಂದು ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಈ ಲ್ಯಾಂಡರ್ ಗಂಟೆಗೆ ಸುಮಾರು 21,000 ಕಿ.ಮೀ. ವೇಗದಲ್ಲಿ ವಾತಾವರಣ ಹೊಕ್ಕಿತು. ಶಾಖಕವಚ ತಡೆದುಕೊಂಡಿತು. 12 ಕಿ.ಮೀ. ಎತ್ತರದಲ್ಲಿ ಪ್ಯಾರಾಚೂಟ್ ಸರಿಯಾಗಿಯೇ ಬಿಚ್ಚಿಕೊಂಡಿತು. ಆ ಜಗ್ಗಿಗೆ ಲ್ಯಾಂಡರ್ ಅಂದಾಜಿಗಿಂತ ಜೋರಾಗಿ ಓಲಾಡಿತು. ತಿರುಗುವ ವೇಗ ಅಳೆಯುವ ಐಎಂಯು ಎಂಬ ಸೆನ್ಸರ್ ತನ್ನ ಮಿತಿ ಮುಟ್ಟಿತು. ‘ಸ್ಯಾಚುರೇಶನ್’ ಫ್ಲ್ಯಾಗ್, ಅಂದರೆ ಮಿತಿ ಮುಟ್ಟಿದೆ ಎಂಬ ಎಚ್ಚರಿಕೆಯ ಸಂಕೇತ, ಎತ್ತಿತು.

ಎಲ್ಲರೂ ಎಡವುವುದು ಇಲ್ಲಿಯೇ. ನೂರು ಕೆ.ಜಿ.ವರೆಗೆ ಮಾತ್ರ ತೂಗುವ ಯಂತ್ರದ ಮೇಲೆ ನೂರೈವತ್ತು ಕೆ.ಜಿ. ಹೇರಿದರೆ ಮುಳ್ಳು ನೂರರಲ್ಲೇ ನಿಲ್ಲುತ್ತದೆ. ಯಂತ್ರ ಕೆಟ್ಟಿಲ್ಲ, ಆದರೆ ಆ ನೂರು ತೂಕವೂ ಅಲ್ಲ. ಫ್ಲ್ಯಾಗ್ ಹೇಳಿದ್ದು ಇಷ್ಟೇ: ಈ ಅಂಕಿಯನ್ನು ನಂಬಬೇಡಿ. ಸಾಫ್ಟ್‌ವೇರ್ ಅದನ್ನೇ ಅಳತೆಯೆಂದು ಎಣಿಸಿ, ಫ್ಲ್ಯಾಗ್ ಇದ್ದ ಸುಮಾರು ಒಂದು ಸೆಕೆಂಡ್ ಉದ್ದಕ್ಕೂ ಗರಿಷ್ಠ ವೇಗವನ್ನು ಕೂಡಿಸುತ್ತಲೇ ಹೋಯಿತು. ನೌಕೆಯ ಓಲಾಟವೋ ಸೆಕೆಂಡಿಗೆ ಸುಮಾರು ಎರಡೂವರೆ ಸಲ. ಅಂದರೆ ಆ ಒಂದು ಸೆಕೆಂಡಿನಲ್ಲಿ ಅದು ಎರಡು ಸಲ ಅತ್ತ ವಾಲಿ ಇತ್ತ ಬಂದು, ಮತ್ತೆ ಅತ್ತ ವಾಲಿತ್ತು. ಕಂಪ್ಯೂಟರಿನ ಲೆಕ್ಕದಲ್ಲಿ ಮಾತ್ರ ಒಂದೇ ದಿಕ್ಕಿಗೆ ತಿರುಗುತ್ತಲೇ ಇತ್ತು. ಲೆಕ್ಕ ತಪ್ಪಿದ್ದು ಸುಮಾರು 165 ಡಿಗ್ರಿ. ಹೆಚ್ಚುಕಡಿಮೆ ತಲೆಕೆಳಗು.

ಮುಂದಿನದು ಬರೀ ತ್ರಿಕೋನಮಿತಿ. ರೇಡಾರ್ ಕೊಟ್ಟ ದೂರ ಸರಿಯಾಗಿತ್ತು. ಎತ್ತರ ಬೇಕೆಂದರೆ ಅದನ್ನು ವಾಲಿದ ಕೋನದ ಕೊಸೈನ್‌ನಿಂದ ಗುಣಿಸಬೇಕು. 165 ಡಿಗ್ರಿಯ ಕೊಸೈನ್ ಮೈನಸ್ 0.97. ಎತ್ತರ ಸೊನ್ನೆಗಿಂತ ಕೆಳಗೆ! ನೆಲದೊಳಗೆ ಹಾರುವುದುಂಟೆ ಎಂದು ಕೇಳುವ ಒಂದು ಸಾಲು ಕೋಡ್ ಇರಲಿಲ್ಲ. ನೆಲ ಮುಟ್ಟಾಯಿತೆಂದೇ ಕಂಪ್ಯೂಟರ್ ಎಣಿಸಿತು: 3.7 ಕಿ.ಮೀ. ಎತ್ತರದಲ್ಲಿ ಪ್ಯಾರಾಚೂಟ್ ಕಳಚಿತು, ಇಳಿಯುವ ವೇಗ ತಗ್ಗಿಸಲು 30 ಸೆಕೆಂಡ್ ಉರಿಯಬೇಕಿದ್ದ ಥ್ರಸ್ಟರುಗಳು 3 ಸೆಕೆಂಡಿಗೆ ಆರಿದವು, ನೆಲ ಮುಟ್ಟಿದ ಮೇಲೆ ಚಾಲೂ ಆಗಬೇಕಾದ ವ್ಯವಸ್ಥೆಗಳು ಗಾಳಿಯಲ್ಲೇ ಚಾಲೂ ಆದವು.

ವಿನ್ಯಾಸಕಾರರನ್ನು ಸುಲಭವಾಗಿ ಬೈಯಲೂ ಆಗದು. ಶಬ್ದಾತೀತ ವೇಗದಲ್ಲಿ ಪ್ಯಾರಾಚೂಟ್ ಅರಳುವುದನ್ನು ಲೆಕ್ಕದಲ್ಲಿ ಹಿಡಿಯುವುದು ನಿಜಕ್ಕೂ ಕಠಿಣ. ಆದರೆ ಫ್ಲ್ಯಾಗ್ ಎಷ್ಟು ಹೊತ್ತು ನಿಲ್ಲಬೇಕು, ನಿಂತಾಗ ಯಾವ ಅಂಕಿ ಬಳಸಬೇಕು ಎಂಬುದು ಮೇಜಿನ ಮೇಲೆಯೇ ತೀರ್ಮಾನಿಸಬಹುದಾದ ಸಂಗತಿ. ಡಿಸೈನ್ ರಿವ್ಯೂನಲ್ಲಿ ಸೆನ್ಸರಿನ ನಿಖರತೆ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವವರು ಈ ಎರಡು ಪ್ರಶ್ನೆಗಳನ್ನೂ ಕೇಳಲಿ.