ಗೋಟೂರಿನ ಐಬಿಗೆ ಕಲ್ಪನಾ ಬಂದದ್ದು ಯಾಕೆ?

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಸಂಕೇಶ್ವರದ ಹತ್ತಿರ ಗೋಟೂರು ಬಂತೆಂದರೆ ಕಲ್ಪನಾ ಮಾತು ಬಂದೇ ಬರುತ್ತದೆ. 1979ರ ಮೇ 12ರಂದು 'ಮಿನುಗುತಾರೆ' ತೀರಿಕೊಂಡದ್ದು ಅಲ್ಲಿನ ಐಬಿಯಲ್ಲಿ, ಅಂದರೆ ಸರ್ಕಾರಿ ಪ್ರವಾಸಿ ಬಂಗಲೆಯಲ್ಲಿ. ಆಗ ಅವರಿಗೆ ಬರೀ 35 ವರ್ಷ. ಆಮೇಲೆ ಆ ಕಟ್ಟಡಕ್ಕೆ ದೆವ್ವದ ಕತೆ ಅಂಟಿಕೊಂಡಿತು. ಕೇಳಿದವರು ತಮ್ಮದೂ ಒಂದಿಷ್ಟು ಸೇರಿಸಿ ದಾಟಿಸಿದರು. ಆದರೆ ಮಂಗಳೂರಲ್ಲಿ ಹುಟ್ಟಿದ ಸಿನಿಮಾ ನಟಿ ಹುಕ್ಕೇರಿ ತಾಲ್ಲೂಕಿಗೆ ಯಾಕೆ ಬಂದಿದ್ದರು ಅಂತ ಕೇಳುವವರು ಕಡಿಮೆ.

ಬಂದದ್ದು ನಾಟಕ ಆಡಲು.

1963ರಲ್ಲಿ ಬಿ.ಆರ್. ಪಂತುಲು ಅವರ 'ಸಾಕು ಮಗಳು' ಚಿತ್ರದಿಂದ ಕಲ್ಪನಾ ಸಿನಿಮಾಕ್ಕೆ ಬಂದರು. 'ಬೆಳ್ಳಿಮೋಡ', 'ಹಣ್ಣೆಲೆ ಚಿಗುರಿದಾಗ', 'ಶರಪಂಜರ' ಮೂರಕ್ಕೂ ರಾಜ್ಯದ ಶ್ರೇಷ್ಠ ನಟಿ ಪ್ರಶಸ್ತಿ ಸಿಕ್ಕಿತು. ಪುಟ್ಟಣ್ಣ ಕಣಗಾಲರ 'ಶರಪಂಜರ'ದ ಕಾವೇರಿಯನ್ನು ಮರೆಯುವುದು ಕಷ್ಟ. ಮನಸ್ಸಿನ ಕಾಯಿಲೆ ವಾಸಿಯಾಗಿ ಮನೆಗೆ ಬಂದವಳನ್ನು ಜನರ ಪಿಸುಮಾತೇ ಮತ್ತೆ ಕೆಡಿಸುತ್ತದೆ. ಆ ಪಾತ್ರ ಮಾಡಿದವರನ್ನು ನಮ್ಮ ಜನ ಸತ್ತ ಮೇಲೂ ಬಿಡಲಿಲ್ಲ ನೋಡಿ.

ಎಪ್ಪತ್ತರ ದಶಕದ ಕೊನೆಗೆ ಸಿನಿಮಾ ಅವಕಾಶ ಕಡಿಮೆಯಾದವು. ಕಲ್ಪನಾ ಗುಡಗೇರಿ ಬಸವರಾಜ ಅವರ ನಾಟಕ ಕಂಪನಿ ಜತೆ ಊರೂರು ತಿರುಗಿದರು. ಇದನ್ನು 'ಕೆಳಗಿಳಿದರು' ಅಂತ ಬರೆಯುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಇದು ಹೆಸರಾಂತ ರಂಗನಟ ಏಣಗಿ ಬಾಳಪ್ಪನವರ ಬೆಳಗಾವಿ ಜಿಲ್ಲೆ. ಇಲ್ಲಿ ಕಂಪನಿ ನಾಟಕ ಅಂದರೆ ಚಕ್ಕಡಿ ಕಟ್ಟಿಕೊಂಡು ಹೋಗಿ ನೋಡುತ್ತಿದ್ದ ಕಾಲವಿತ್ತು. ಕಂಪನಿ ಒಂದೂರಲ್ಲಿ ಕ್ಯಾಂಪ್ ಹಾಕಿ, ತಗಡು ಹೊಡೆದು ಥಿಯೇಟರ್ ಕಟ್ಟುತ್ತಿತ್ತು. ಜನ ಬರುವಷ್ಟು ದಿನ ಆಡಿ, ಎಲ್ಲ ಕಿತ್ತುಕೊಂಡು ಮುಂದಿನ ಊರಿಗೆ. ಸಿನಿಮಾ ಬಂದ ಮೇಲೆ ಗಲ್ಲಾ ಸೊರಗಿದಾಗ ಸಿನಿಮಾದವರನ್ನೇ ಕರೆಸುವ ರೂಢಿ ಶುರುವಾಯಿತು. ಪೋಸ್ಟರ್ ಮೇಲೆ ಸ್ಟಾರ್ ಹೆಸರು ಬಿದ್ದರೆ ಮುಂದಿನ ಸಾಲಿನ ಟಿಕೆಟ್ ಮೊದಲು ಖಾಲಿ.

ಕಲಾವಿದರಿಗೆ ಅದು ಸುಮ್ನೆ ಬಂದು ಕೈ ಬೀಸುವ ಕೆಲಸವಲ್ಲ. ಕ್ಯಾಮೆರಾ ಮುಂದೆ ಕಣ್ಣಂಚು ಸಾಕು, ಸರಿಯಾಗದಿದ್ದರೆ ಇನ್ನೊಂದು ಟೇಕ್. ತಗಡಿನ ಥಿಯೇಟರಿನಲ್ಲಿ ಮಾತು ಹಿಂದಿನ ಸಾಲಿಗೂ ಮುಟ್ಟಬೇಕು. ತಪ್ಪಿದರೆ ಸಿಳ್ಳೆ. ಶೋ ಮುಗಿಯುವಷ್ಟರಲ್ಲಿ ಮಧ್ಯರಾತ್ರಿ ದಾಟಿರುತ್ತದೆ. ದೊಡ್ಡ ಹೋಟೆಲ್ ಇಲ್ಲದ ಊರುಗಳಲ್ಲಿ ಉಳಿಯಲು ಇದ್ದದ್ದು ಸರ್ಕಾರಿ ಬಂಗಲೆ. ಸಂಕೇಶ್ವರದ ಕ್ಯಾಂಪಿಗೆ ಬಂದವರು ಗೋಟೂರಿನಲ್ಲಿ ಇಳಿದುಕೊಂಡದ್ದು ಹಾಗೆ.

ಆ ಕ್ಯಾಂಪಿನಲ್ಲಿ ಅವರನ್ನು ನೋಡಿದವರಿಗೆ ಈಗ ಅರವತ್ತು ದಾಟಿರುತ್ತದೆ. ಐಬಿಗೆ ಹೋಗಿ ವಿಡಿಯೊ ಮಾಡುವವರು ಒಮ್ಮೆ ಸಂಕೇಶ್ವರದ ಪೇಟೆಯಲ್ಲಿ ಇಳಿದು ಅವರನ್ನು ಮಾತಾಡಿಸಬಹುದು. ಅವತ್ತು ಎಷ್ಟು ಜನ ಸೇರಿದ್ದರು, ಯಾವ ಮಾತಿಗೆ ಚಪ್ಪಾಳೆ ಬಿತ್ತು ಅನ್ನುವುದನ್ನು ಹೇಳುವವರು ಸಿಕ್ಕಾರು.