ಬಿಪಿ ಮಾತ್ರೆಯೂ ರಕ್ತದ ಸಕ್ಕರೆಯೂ: ಬೀಟಾ ಬ್ಲಾಕರ್ ಹಿಂದೆ ಸರಿದ ಬಗೆ

ಅಟೆನೊಲಾಲ್ ಒಂದು ಬೀಟಾ ಬ್ಲಾಕರ್, ಅಂದರೆ ಹೃದಯದ ವೇಗ ತಗ್ಗಿಸಿ ಬಿಪಿ ಇಳಿಸುವ ಮಾತ್ರೆ. ಅದರ ಅದೇ ಚೀಟಿ ನೋಡಿ ಒಬ್ಬ ವೈದ್ಯರು ‘ಮುಂದುವರಿಸಿ’ ಎನ್ನುತ್ತಾರೆ, ಇನ್ನೊಬ್ಬರು ಮಾತ್ರೆ ಬದಲಿಸುತ್ತಾರೆ. ರೋಗಿ ಗೊಂದಲಕ್ಕೆ ಬೀಳುವುದು ಸಹಜ.

ಎದೆನೋವಿಗೆಂದು ಬ್ರಿಟಿಷ್ ಔಷಧ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ರೂಪಿಸಿದ, ಇದೇ ವರ್ಗದ ಪ್ರೊಪ್ರನೊಲಾಲ್ ರಕ್ತದೊತ್ತಡವನ್ನೂ ಇಳಿಸಿತು. 1976ರಲ್ಲಿ ಬಂದ ಅಟೆನೊಲಾಲ್ ಮುಂದೆ ದಶಕಗಳ ಕಾಲ ಬಿಪಿ ರೋಗಿಗಳ ಮನೆಮಾತಾಯಿತು.

ತೊಡಕು ಇರುವುದು ಔಷಧ ಕೆಲಸ ಮಾಡುವ ರೀತಿಯಲ್ಲೇ. ಹೃದಯದ ವೇಗ ತಗ್ಗಿಸುವ ಹಳೆಯ ಬೀಟಾ ಬ್ಲಾಕರ್‌ಗಳು ಸ್ನಾಯುಗಳಿಗೆ ಹರಿಯುವ ರಕ್ತವನ್ನೂ ತಗ್ಗಿಸುತ್ತವೆ. ಸ್ನಾಯು ಹೀರುವ ಸಕ್ಕರೆ ಕಡಿಮೆಯಾಗುತ್ತದೆ. ತೂಕ ತುಸು ಏರುತ್ತದೆ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಹೆಚ್ಚುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಕುಗ್ಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇನ್ನೊಂದು ಅಪಾಯವಿದೆ: ಸಕ್ಕರೆ ಕುಸಿದಾಗ ಎಚ್ಚರಿಸುವ ಎದೆಬಡಿತ, ನಡುಕ ಮರೆಯಾಗಬಹುದು. ಬೆವರು ಮಾತ್ರ ಉಳಿಯುತ್ತದೆ.

ಇದೆಲ್ಲ ಗೊತ್ತಿದ್ದರೂ ಬಿಪಿ ಇಳಿದರೆ ಸಾಕು ಎಂಬ ನಂಬಿಕೆ ಗಟ್ಟಿಯಾಗಿತ್ತು. ಅದು ಅಲುಗಾಡಿದ್ದು 2002ರಲ್ಲಿ. ‘ಲೈಫ್’ ಅಧ್ಯಯನದಲ್ಲಿ 9,193 ಜನರಿಗೆ ಬೇರೆ ವರ್ಗದ ಬಿಪಿ ಮಾತ್ರೆಯಾದ ಲೊಸಾರ್ಟನ್ ಅಥವಾ ಅಟೆನೊಲಾಲ್ ಕೊಡಲಾಯಿತು. ಎರಡೂ ಗುಂಪುಗಳಲ್ಲಿ ಬಿಪಿ ಬಹುತೇಕ ಸಮನಾಗಿ ಇಳಿಯಿತು. ಆದರೆ ಲೊಸಾರ್ಟನ್ ಗುಂಪಿನಲ್ಲಿ ಪಾರ್ಶ್ವವಾಯುವೂ ಹೊಸ ಮಧುಮೇಹವೂ ಶೇ 25ರಷ್ಟು ಕಡಿಮೆ. 2005ರ ‘ಆಸ್ಕಾಟ್’ ಇನ್ನೂ ದೊಡ್ಡದು, 19,257 ಜನ. ಇಲ್ಲಿ ಅಟೆನೊಲಾಲ್‌ಗೆ ಎದುರಾಗಿ ಇಟ್ಟದ್ದು ಇನ್ನೊಂದು ವರ್ಗದ ಬಿಪಿ ಮಾತ್ರೆ ಅಮ್ಲೊಡಿಪಿನ್; ಅದರ ಗುಂಪಿನಲ್ಲಿ ಹೊಸ ಮಧುಮೇಹ ಶೇ 30ರಷ್ಟು ಕಡಿಮೆ ಕಂಡಿತು. ಅಟೆನೊಲಾಲ್ ಗುಂಪಿನ ಅನೇಕರಿಗೆ ಮೂತ್ರವರ್ಧಕವೂ ಸೇರಿತ್ತು, ಅದೂ ಸಕ್ಕರೆ ಏರಿಸಬಲ್ಲದು. ಹಾಗಾಗಿ ಹೊರೆಯನ್ನೆಲ್ಲ ಒಂದೇ ಮಾತ್ರೆಯ ಮೇಲೆ ಹೊರಿಸುವುದು ಸರಿಯಲ್ಲ. ಮರುವರ್ಷವೇ ಬ್ರಿಟನ್ನಿನ ಮಾರ್ಗಸೂಚಿ ಬೀಟಾ ಬ್ಲಾಕರ್‌ಗಳನ್ನು ಮೊದಲ ಆಯ್ಕೆಯಿಂದ ಕೈಬಿಟ್ಟಿತು. ಯುರೋಪಿನ ತಜ್ಞರು 2023ರಲ್ಲಿ ಅವನ್ನು ಮತ್ತೆ ಪ್ರಮುಖ ಐದು ವರ್ಗಗಳಲ್ಲಿ ಎಣಿಸಿದ್ದಾರೆ. ವೈದ್ಯರ ಭಿನ್ನಾಭಿಪ್ರಾಯಕ್ಕೆ ಹೀಗೆ ಎರಡೂ ಕಡೆ ಆಧಾರವಿದೆ.

ಬೀಟಾ ಬ್ಲಾಕರ್‌ಗಳೆಲ್ಲ ಒಂದೇ ಅಲ್ಲ ಎಂಬುದೂ ಮುಖ್ಯ. ಮಧುಮೇಹವಿದ್ದ ಬಿಪಿ ರೋಗಿಗಳ ಮೇಲೆ ನಡೆದ 2004ರ ‘ಜೆಮಿನಿ’ ಅಧ್ಯಯನದಲ್ಲಿ ಮೆಟೊಪ್ರೊಲಾಲ್ ಪಡೆದವರ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರುವ ಅಳತೆ) ಏರಿತು, ಕಾರ್ವೆಡಿಲಾಲ್ ಪಡೆದವರದು ಏರಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬೆಂಬಲದ 2023ರ ವರದಿಯ ಪ್ರಕಾರ ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಇಂಥ ದೇಶದಲ್ಲಿ, ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆಯಿದ್ದು ಸೊಂಟದ ಸುತ್ತಳತೆ ಹೆಚ್ಚುತ್ತಿರುವವರಿಗೆ ಬೇರೆ ಕಾರಣವಿಲ್ಲದೆ ಅಟೆನೊಲಾಲ್‌ನಿಂದಲೇ ಚಿಕಿತ್ಸೆ ಆರಂಭಿಸುವುದು ಏಕೆಂದು ಕೇಳಲೇಬೇಕು. ಹೃದಯಾಘಾತವಾದವರು, ಹೃದಯ ವೈಫಲ್ಯ ಅಥವಾ ಬಡಿತದ ಏರುಪೇರು ಇರುವವರ ಮಾತು ಬೇರೆ. ಅವರಲ್ಲಿ ಅನೇಕರಿಗೆ ಈ ವರ್ಗದ ಮಾತ್ರೆ ಬೇಕೇ ಬೇಕು. ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬಾರದು. ಥಟ್ಟನೆ ಬಿಟ್ಟರೆ ಎದೆನೋವು ಮರುಕಳಿಸಬಹುದು, ಹೃದಯಾಘಾತವೂ ಆಗಬಹುದು. ಬಿಡುವುದಾದರೆ ವೈದ್ಯರ ನಿಗಾದಲ್ಲಿ, ಹಂತ ಹಂತವಾಗಿ ಪ್ರಮಾಣ ಇಳಿಸುತ್ತಾ ಬಿಡಬೇಕು.